ಬ್ರಹ್ಮಗುಪ್ತನ ಲೆಕ್ಕವೂ ದೊಡ್ಡದಾದ ಫೋಟೊವೂ

ಮಕ್ಕಳೇ, ಮೊಬೈಲಿನಲ್ಲಿ ತೆಗೆದ ಫೋಟೊವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದ್ದೀರಲ್ಲವೆ? ಸ್ವಲ್ಪ ಹಿಗ್ಗಿಸಿದಾಗ ಮುಖ ಚೆನ್ನಾಗಿ ಕಾಣುತ್ತದೆ. ಇನ್ನಷ್ಟು ಹಿಗ್ಗಿಸಿದರೆ ಮಸುಕಾಗುತ್ತದೆ. ಮತ್ತೂ ಹಿಗ್ಗಿಸಿದರೆ ಕಣ್ಣು, ಮೂಗು, ಬಾಯಿ ಎಲ್ಲವೂ ಮಾಯವಾಗಿ ಬಣ್ಣದ ಚೌಕಗಳು ಮಾತ್ರ ಉಳಿಯುತ್ತವೆ. ಹೀಗೇಕೆ ಆಗುತ್ತದೆ? ಇದನ್ನು ತಪ್ಪಿಸಲು ಸಾಧ್ಯವೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಸುಮಾರು 1400 ವರ್ಷ ಹಿಂದಕ್ಕೆ ಹೋಗೋಣ. ಆಗ ಮೊಬೈಲ್ ಇರಲಿಲ್ಲ, ಕ್ಯಾಮೆರಾ ಇರಲಿಲ್ಲ. ಆದರೆ ಗೊತ್ತಿರುವ ಎರಡು ಸಂಖ್ಯೆಗಳ ನಡುವೆ ಅಡಗಿರುವ, ಗೊತ್ತಿಲ್ಲದ ಸಂಖ್ಯೆಯನ್ನು ಕಂಡುಹಿಡಿಯುವುದು ಹೇಗೆ ಎಂದು ಒಬ್ಬ ಗಣಿತಜ್ಞ ಯೋಚಿಸಿದ್ದ. ಫೋಟೊ ದೊಡ್ಡದು ಮಾಡುವಾಗ ಇಂದಿನ ಕಂಪ್ಯೂಟರ್ ಮಾಡುವುದೂ ಇದನ್ನೇ. ಆ ಗಣಿತಜ್ಞನ ಹೆಸರು ಬ್ರಹ್ಮಗುಪ್ತ.

ಭಿಲ್ಲಮಾಲದ ಆಚಾರ್ಯ

ಬ್ರಹ್ಮಗುಪ್ತನ ತಂದೆಯ ಹೆಸರು ಜಿಷ್ಣು. ಈಗಿನ ರಾಜಸ್ಥಾನದಲ್ಲಿರುವ ಭೀನ್‌ಮಾಲ್ ಎಂಬ ಊರಿಗೆ ಆಗ ಭಿಲ್ಲಮಾಲ ಎಂಬ ಹೆಸರಿತ್ತು. ಆ ಊರಿನಿಂದಲೇ ಅವನಿಗೆ ಭಿಲ್ಲಮಾಲಾಚಾರ್ಯ ಎಂಬ ಹೆಸರೂ ಬಂತು.

ಅವನು ಹುಟ್ಟಿದ ವರ್ಷವನ್ನು ನೀವೇ ಲೆಕ್ಕ ಹಾಕಬಹುದು. ಶಕ ವರ್ಷ 550ರಲ್ಲಿ, ತನಗೆ 30 ವರ್ಷ ತುಂಬಿದಾಗ ಪುಸ್ತಕ ಬರೆದೆನೆಂದು ಅವನು ಗುರುತು ಹಾಕಿಟ್ಟಿದ್ದಾನೆ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. 550ಕ್ಕೆ 78 ಕೂಡಿಸಿ, ಅದರಲ್ಲಿ 30 ಕಳೆಯಿರಿ. ಉತ್ತರ 598. ಅವನು ಪುಸ್ತಕ ಬರೆದದ್ದು 628ರಲ್ಲಿ. ಆಗ ನಮ್ಮ ಬಾದಾಮಿಯಲ್ಲಿ ಚಾಲುಕ್ಯರ ಇಮ್ಮಡಿ ಪುಲಕೇಶಿ ಆಳುತ್ತಿದ್ದ. ಭಿಲ್ಲಮಾಲದ ಕಡೆ ಚಾಪ ವಂಶದ ವ್ಯಾಘ್ರಮುಖ ಎಂಬ ದೊರೆ ಇದ್ದ.

ಆ ಪುಸ್ತಕದ ಹೆಸರು ಬ್ರಾಹ್ಮಸ್ಫುಟಸಿದ್ಧಾಂತ. ಸಂಸ್ಕೃತ ಪದ್ಯಗಳಲ್ಲಿರುವ ದೊಡ್ಡ ಗ್ರಂಥ ಅದು. ಸೂರ್ಯ, ಚಂದ್ರ, ಗ್ರಹಗಳು ಯಾವ ದಿನ ಎಲ್ಲಿರುತ್ತವೆ, ಗ್ರಹಣ ಯಾವಾಗ ಆಗುತ್ತದೆ ಎಂಬ ಲೆಕ್ಕಗಳೇ ಅದರಲ್ಲಿ ಹೆಚ್ಚು. ನಡುವೆ ಗಣಿತಕ್ಕೇ ಮೀಸಲಾದ ಅಧ್ಯಾಯಗಳೂ ಇವೆ.

ಸೊನ್ನೆಯನ್ನು ಒಂದು ಸಂಖ್ಯೆ ಎಂದೇ ಎಣಿಸಿ, ಅದನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬ್ರಹ್ಮಗುಪ್ತ ಈ ಪುಸ್ತಕದಲ್ಲಿ ಹೇಳಿದ. ಒಂದು ಸಂಖ್ಯೆಯಿಂದ ಅದೇ ಸಂಖ್ಯೆಯನ್ನು ಕಳೆದರೆ ಸೊನ್ನೆ. ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆ. ಇವು ನಿಮಗೆ ಈಗ ಸುಲಭ. ಆಗ ಇವನ್ನು ನಿಯಮವಾಗಿ ಹೇಳಿದ್ದು ದೊಡ್ಡ ಹೆಜ್ಜೆ. ಧನಸಂಖ್ಯೆಯನ್ನು ಕೈಯಲ್ಲಿರುವ ಹಣದಂತೆಯೂ ಋಣಸಂಖ್ಯೆಯನ್ನು ಸಾಲದಂತೆಯೂ ಅವನು ವಿವರಿಸಿದ.

ಅವನು ಹೇಳಿದ್ದೆಲ್ಲ ಸರಿ ಎಂದಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದ. ಅದನ್ನು ಇಂದಿನ ಗಣಿತ ಒಪ್ಪುವುದಿಲ್ಲ. ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆ ಎಂದು ಆರ್ಯಭಟ 499ರಲ್ಲೇ ಹೇಳಿದ್ದ. ಬ್ರಹ್ಮಗುಪ್ತ ಅದನ್ನು ಕಟುವಾಗಿ ಟೀಕಿಸಿದ. ಆ ವಿಷಯದಲ್ಲಿ ಆರ್ಯಭಟನೇ ಸರಿ ಎಂದು ನಿಮಗೆ ಗೊತ್ತು.

ಸಿಹಿತಿಂಡಿಯ ಹೆಸರಿನ ಪುಸ್ತಕ

ಮೊದಲ ಪುಸ್ತಕ ಬರೆದು 37 ವರ್ಷಗಳ ನಂತರ, 665ರಲ್ಲಿ, ಬ್ರಹ್ಮಗುಪ್ತ ಇನ್ನೊಂದು ಪುಸ್ತಕ ಬರೆದ. ಆಗ ಅವನಿಗೆ 67 ವರ್ಷ. ಪುಸ್ತಕದ ಹೆಸರು ಖಂಡಖಾದ್ಯಕ. ಅಂದರೆ ಸಕ್ಕರೆ ಹಾಕಿ ಮಾಡಿದ ತಿಂಡಿ! ಪಂಚಾಂಗದ ಲೆಕ್ಕ ಮಾಡುವವರಿಗೆ ಸುಲಭವಾಗಲೆಂದು ಬರೆದ ಚಿಕ್ಕ ಕೈಪಿಡಿ ಅದು. ಹಿಂದೆ ಆರ್ಯಭಟನನ್ನು ಟೀಕಿಸಿದ್ದವನು ಈ ಪುಸ್ತಕದಲ್ಲಿ ಆರ್ಯಭಟನ ಲೆಕ್ಕದ ಪದ್ಧತಿಯನ್ನೇ ಅನುಸರಿಸಿದ. ಅದಕ್ಕೆ ಬೇಕಾದ ತಿದ್ದುಪಡಿಗಳನ್ನೂ ಕೊಟ್ಟ.

ಈ ಪುಸ್ತಕದಲ್ಲೇ ನಮ್ಮ ಫೋಟೊಗೆ ಸಂಬಂಧಿಸಿದ ಲೆಕ್ಕ ಇರುವುದು. ಅದು ಏನೆಂದು ತಿಳಿಯಲು ಒಂದು ಚಿತ್ರ ಬರೆಯೋಣ.

ದೊಡ್ಡ ಹಾಳೆಯ ಮೂಲೆಯಲ್ಲಿ ಗುಂಡುಸೂಜಿ ಚುಚ್ಚಿ. ಅದಕ್ಕೆ ದಾರ ಕಟ್ಟಿ, 15 ಸೆಂಟಿಮೀಟರ್ ದೂರದಲ್ಲಿ ಪೆನ್ಸಿಲ್ ಸಿಕ್ಕಿಸಿ ಕಾಲು ವೃತ್ತ ಎಳೆಯಿರಿ. ಸೂಜಿಯಿಂದ ಅಡ್ಡಲಾಗಿ ಒಂದು ನೇರ ಗೆರೆ ಹಾಕಿ. ಕೋನಮಾಪಕದಿಂದ 15, 30, 45, 60, 75, 90 ಡಿಗ್ರಿಗಳನ್ನು ಗುರುತಿಸಿ, ಅವು ವೃತ್ತವನ್ನು ಮುಟ್ಟುವ ಕಡೆ ಚುಕ್ಕಿ ಇಡಿ. ಈಗ ಪ್ರತಿ ಚುಕ್ಕಿಯೂ ಅಡ್ಡಗೆರೆಯಿಂದ ಎಷ್ಟು ಎತ್ತರದಲ್ಲಿದೆ ಎಂದು ಮಿಲಿಮೀಟರಿನಲ್ಲಿ ಅಳೆಯಿರಿ. ಜಾಗ್ರತೆಯಿಂದ ಅಳೆದರೆ ನಿಮಗೆ ಹೆಚ್ಚುಕಡಿಮೆ ಈ ಸಂಖ್ಯೆಗಳು ಬರುತ್ತವೆ: 39, 75, 106, 130, 145, 150.

ಬ್ರಹ್ಮಗುಪ್ತನ ಕೋಷ್ಟಕದಲ್ಲಿ ಇರುವುದೂ ಇವೇ ಸಂಖ್ಯೆಗಳು! ಅವನು ವೃತ್ತದ ತ್ರಿಜ್ಯವನ್ನು 150 ಎಂದು ಇಟ್ಟುಕೊಂಡಿದ್ದ. ಈ ಎತ್ತರಕ್ಕೆ ಜ್ಯಾ ಎಂದು ಹೆಸರು. ಮೇಲಿನ ತರಗತಿಯಲ್ಲಿ ಇದರ ಬಗ್ಗೆಯೇ ಸೈನ್ ಎಂಬ ಹೆಸರಿನಲ್ಲಿ ಓದುತ್ತೀರಿ. ಗ್ರಹಗಳ ಸ್ಥಾನ ಲೆಕ್ಕ ಹಾಕಲು ಜ್ಯಾ ಬೇಕೇ ಬೇಕು.

ಆರ್ಯಭಟ ಕಾಲು ವೃತ್ತಕ್ಕೆ 24 ಬೆಲೆಗಳ ಕೋಷ್ಟಕ ಕೊಟ್ಟಿದ್ದ. ಬ್ರಹ್ಮಗುಪ್ತನ ಕೈಪಿಡಿಯಲ್ಲಿ ಇದ್ದದ್ದು ಬರೀ 6. ನೆನಪಿಡಲು ಸುಲಭ, ನಿಜ. ಆದರೆ 60 ಡಿಗ್ರಿಗೂ 75 ಡಿಗ್ರಿಗೂ ನಡುವಿನ ಬೆಲೆ ಬೇಕಾದಾಗ ಏನು ಮಾಡುವುದು? ನಡುವಿನ ಬೆಲೆ ತಪ್ಪಿದರೆ ಗ್ರಹದ ಸ್ಥಾನ ತಪ್ಪುತ್ತದೆ, ಗ್ರಹಣದ ಹೊತ್ತೂ ತಪ್ಪುತ್ತದೆ.

ನಡುವಿನ ಸಂಖ್ಯೆ ಹುಡುಕುವ ಬಗೆ

60 ಡಿಗ್ರಿಗೆ ಎತ್ತರ 130. 75 ಡಿಗ್ರಿಗೆ 145. ಸರಿಯಾಗಿ ನಡುವೆ, ಅಂದರೆ 67.5 ಡಿಗ್ರಿಗೆ ಎಷ್ಟು?

ನೀವು ಥಟ್ಟನೆ ಎರಡನ್ನೂ ಕೂಡಿ ಅರ್ಧ ಮಾಡಿ 137.5 ಎನ್ನಬಹುದು. ಇದು ಸರಳ ಉಪಾಯ. ಆದರೆ ವೃತ್ತದ ಗೆರೆ ನೇರವಾಗಿಲ್ಲ, ಬಾಗಿದೆ. ಎತ್ತರ ಏರುತ್ತಿರುವ ವೇಗ ಕಡಿಮೆಯಾಗುತ್ತಿದೆ. ಹಿಂದಿನ ಹೆಜ್ಜೆಯಲ್ಲಿ 106ರಿಂದ 130ಕ್ಕೆ, ಅಂದರೆ 24 ಏರಿತ್ತು. ಈ ಹೆಜ್ಜೆಯಲ್ಲಿ ಏರಿದ್ದು 15 ಮಾತ್ರ. ಅಂದಮೇಲೆ ಈ ಹೆಜ್ಜೆಯ ಮೊದಲ ಅರ್ಧದಲ್ಲಿ ಏರಿಕೆ ಹೆಚ್ಚು, ಎರಡನೆಯ ಅರ್ಧದಲ್ಲಿ ಕಡಿಮೆ ಇರಬೇಕಲ್ಲವೆ?

ಬ್ರಹ್ಮಗುಪ್ತ ಹಿಡಿದದ್ದು ಇದೇ ಎಳೆಯನ್ನು. ಪಕ್ಕದ ಎರಡು ಬೆಲೆಗಳನ್ನಷ್ಟೇ ಅಲ್ಲದೆ, ಅದಕ್ಕೂ ಹಿಂದಿನ ಹೆಜ್ಜೆಯ ಏರಿಕೆಯನ್ನೂ ಅವನು ಲೆಕ್ಕಕ್ಕೆ ತೆಗೆದುಕೊಂಡ. ಅವನ ಸೂತ್ರ ನಡುವಿನ ಯಾವ ಜಾಗಕ್ಕಾದರೂ ಸರಿಹೊಂದುತ್ತದೆ. ಸರಿ ಮಧ್ಯದ ಜಾಗಕ್ಕೆ ಅದು ತುಂಬ ಸರಳವಾಗುತ್ತದೆ: ಎರಡು ಏರಿಕೆಗಳ ವ್ಯತ್ಯಾಸವನ್ನು 8ರಿಂದ ಭಾಗಿಸಿ, ನಿಮ್ಮ ಸರಳ ಉತ್ತರಕ್ಕೆ ಕೂಡಿಸಿ.

24ರಲ್ಲಿ 15 ಕಳೆದರೆ 9. ಅದನ್ನು 8ರಿಂದ ಭಾಗಿಸಿದರೆ 1.125. ಇದನ್ನು 137.5ಕ್ಕೆ ಕೂಡಿಸಿದರೆ 138.625. ಇಂದಿನ ಕ್ಯಾಲ್ಕುಲೇಟರ್ ಕೊಡುವ ನಿಖರ ಬೆಲೆ 138.58. ಸರಳ ಉಪಾಯ ಒಂದು ಮಿಲಿಮೀಟರಿಗಿಂತ ಹೆಚ್ಚು ತಪ್ಪಿತ್ತು. ಬ್ರಹ್ಮಗುಪ್ತನ ಉತ್ತರದ ತಪ್ಪು ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗವೂ ಇಲ್ಲ!

ಹೀಗೆ ಗೊತ್ತಿರುವ ಬೆಲೆಗಳ ನಡುವೆ ಗೊತ್ತಿಲ್ಲದ ಬೆಲೆಯನ್ನು ಅಂದಾಜು ಮಾಡುವುದಕ್ಕೆ ಇಂದು ಇಂಟರ್‌ಪೊಲೇಷನ್ ಎನ್ನುತ್ತಾರೆ. ಇಂಗ್ಲೆಂಡಿನ ನ್ಯೂಟನ್ ಇದಕ್ಕೆ ಹೆಚ್ಚು ವಿಸ್ತಾರವಾದ ಸೂತ್ರಗಳನ್ನು ಕೊಟ್ಟದ್ದು ಬ್ರಹ್ಮಗುಪ್ತನಾಗಿ ಸುಮಾರು ಸಾವಿರ ವರ್ಷಗಳ ಮೇಲೆ.

ಫೋಟೊ ಎಂದರೆ ಸಂಖ್ಯೆಗಳ ಹಾಳೆ

ಈಗ ಮೊಬೈಲಿಗೆ ಬರೋಣ. ನಮ್ಮ ಕಣ್ಣಿಗೆ ಚಿತ್ರವಾಗಿ ಕಾಣುವುದು ಮೊಬೈಲಿಗೆ ಸಂಖ್ಯೆಗಳ ಸಾಲು. ಚೌಕಳಿ ಹಾಳೆಯನ್ನು ನೆನಪಿಸಿಕೊಳ್ಳಿ. ಪ್ರತಿ ಚೌಕಕ್ಕೂ ಒಂದೊಂದು ಬಣ್ಣ. ಈ ಚೌಕವೇ ಪಿಕ್ಸೆಲ್. ಕಪ್ಪು ಬಿಳುಪು ಚಿತ್ರದಲ್ಲಿ ಸಾಮಾನ್ಯವಾಗಿ ಪೂರ್ತಿ ಕಪ್ಪಿಗೆ 0, ಪೂರ್ತಿ ಬಿಳುಪಿಗೆ 255. ನಡುವಿನ ಸಂಖ್ಯೆಗಳು ಬೂದು ಬಣ್ಣದ ಬೇರೆ ಬೇರೆ ಛಾಯೆಗಳು. ಬಣ್ಣದ ಚಿತ್ರದಲ್ಲಿ ಒಂದೊಂದು ಪಿಕ್ಸೆಲಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆ.

ಅಮೆರಿಕದ ರಸೆಲ್ ಕಿರ್ಶ್ ಎಂಬ ಎಂಜಿನಿಯರ್ 1957ರಲ್ಲಿ ತನ್ನ ಎಳೆಯ ಮಗನ ಫೋಟೊವನ್ನು ಹೀಗೆ ಮೊದಲ ಬಾರಿಗೆ ಕಂಪ್ಯೂಟರಿಗೆ ಸೇರಿಸಿದರು. ಅದರಲ್ಲಿ ಉದ್ದಕ್ಕೆ 176, ಅಗಲಕ್ಕೆ 176 ಪಿಕ್ಸೆಲ್ ಇದ್ದವು. ಈಗಿನ 12 ಮೆಗಾಪಿಕ್ಸೆಲ್ ಮೊಬೈಲ್ ಚಿತ್ರದಲ್ಲಿ ಸುಮಾರು 4000 ಗುಣಿಸು 3000, ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್ ಇರುತ್ತವೆ.

ಎಷ್ಟೇ ಇದ್ದರೂ ಅವು ಎಣಿಸಿ ಮುಗಿಯುವಷ್ಟೇ. ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿದರೆ ಹೊಸ ಜಾಗ ತೆರೆದುಕೊಳ್ಳುತ್ತದೆ. ಆ ಖಾಲಿ ಜಾಗದಲ್ಲಿ ಏನು ತುಂಬುವುದು? ಚುಕ್ಕಿ ರಂಗೋಲಿಯ ಚುಕ್ಕಿಗಳನ್ನು ದೂರ ದೂರ ಸರಿಸಿದ ಹಾಗೆ. ಚುಕ್ಕಿಗಳ ನಡುವೆ ಅಂತರ ಹೆಚ್ಚಾಯಿತು, ಚುಕ್ಕಿ ಹೆಚ್ಚಾಗಲಿಲ್ಲ.

ಪಕ್ಕಪಕ್ಕದ ಎರಡು ಪಿಕ್ಸೆಲ್ ಬೆಲೆ 40 ಮತ್ತು 80 ಎಂದಿಟ್ಟುಕೊಳ್ಳಿ. ಕಂಪ್ಯೂಟರ್ ಮೂರು ಬಗೆಯಲ್ಲಿ ಖಾಲಿ ಜಾಗ ತುಂಬಬಹುದು.

ಮೊದಲನೆಯದು, ಹತ್ತಿರದ ಸಂಖ್ಯೆಯನ್ನೇ ಮತ್ತೆ ಬರೆಯುವುದು: 40, 40, 80, 80. ಹೀಗೆ ಮಾಡಿದಾಗಲೇ ದೊಡ್ಡ ದೊಡ್ಡ ಚೌಕಗಳು ಕಣ್ಣಿಗೆ ಹೊಡೆಯುವುದು. ಇದನ್ನೇ ಪಿಕ್ಸೆಲ್ ಒಡೆಯುವುದು ಎನ್ನುತ್ತಾರೆ.

ಎರಡನೆಯದು, ನಡುವೆ ಸರಾಸರಿ ಹಾಕುವುದು: 40, 60, 80. ಚೌಕಗಳು ಮರೆಯಾಗುತ್ತವೆ, ಆದರೆ ಚಿತ್ರ ಮಂಜು ಕವಿದಂತೆ ಮಸುಕಾಗುತ್ತದೆ.

ಮೂರನೆಯದು, ಪಕ್ಕದವುಗಳ ಜೊತೆಗೆ ಅವುಗಳ ಆಚೆಯ ಪಿಕ್ಸೆಲ್‌ಗಳನ್ನೂ ನೋಡಿ, ಬೆಲೆ ಹೇಗೆ ಏರುತ್ತಿದೆ, ಇಳಿಯುತ್ತಿದೆ ಎಂದು ತಿಳಿದು ತುಂಬುವುದು. ಇದಕ್ಕೆ ಬೈಕ್ಯೂಬಿಕ್ ಎಂಬ ಹೆಸರಿದೆ. ಒಂದು ಹೊಸ ಬಿಂದುವಿಗಾಗಿ ಇದು ಸುತ್ತಲಿನ 16 ಪಿಕ್ಸೆಲ್‌ಗಳನ್ನು ವಿಚಾರಿಸುತ್ತದೆ. ಫೋಟೊ ತಿದ್ದುವ ಅನೇಕ ತಂತ್ರಾಂಶಗಳಲ್ಲಿ ಈ ಆಯ್ಕೆ ಇರುತ್ತದೆ. ಬ್ರಹ್ಮಗುಪ್ತ ಹಿಂದಿನ ಹೆಜ್ಜೆಯನ್ನೂ ನೋಡಿದನಲ್ಲ, ಇದರ ಹಿಂದಿರುವ ವಿಚಾರವೂ ಅಂಥದ್ದೇ.

ಅಂದಾಜು ಎಲ್ಲಿ ಸೋಲುತ್ತದೆ?

ಹಾಗಾದರೆ ಒಳ್ಳೆಯ ಸೂತ್ರ ಇದ್ದರೆ ಎಷ್ಟು ಬೇಕಾದರೂ ಹಿಗ್ಗಿಸಬಹುದೆ? ಇಲ್ಲ. ಕಾರಣ ಕೇಳಿ.

ವೃತ್ತದ ಗೆರೆ ನುಣುಪಾಗಿ ಬಾಗುತ್ತದೆ, ನಡುವೆ ಎಲ್ಲೂ ಎಗರುವುದಿಲ್ಲ. ಆದ್ದರಿಂದ 6 ಸಂಖ್ಯೆ ಇಟ್ಟುಕೊಂಡೇ ಬ್ರಹ್ಮಗುಪ್ತ ಅಷ್ಟು ನಿಖರವಾದ ಉತ್ತರ ಪಡೆದ. ಫೋಟೊ ಹಾಗಲ್ಲ. ಬಿಳಿ ಗೋಡೆಯ ಪಕ್ಕದಲ್ಲೇ ಕಪ್ಪು ಜಡೆ ಇರುತ್ತದೆ. ಬೆಲೆ ಒಮ್ಮೆಲೇ 240ರಿಂದ 20ಕ್ಕೆ ಬೀಳುತ್ತದೆ. ನಡುವೆ 130 ತುಂಬಿದರೆ ಜಡೆಯ ಅಂಚಿನಲ್ಲಿ ಬೂದು ಪಟ್ಟಿ ಹುಟ್ಟುತ್ತದೆ. ಆ ಪಟ್ಟಿ ನಿಜವಾಗಿ ಅಲ್ಲಿರಲಿಲ್ಲ.

ಇನ್ನೊಂದು ಮಾತು. ಎರಡು ಪಿಕ್ಸೆಲ್‌ಗಳ ನಡುವಿನ ಜಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಇತ್ತು, ಆದರೆ ಕ್ಯಾಮೆರಾ ಅದನ್ನು ಬೇರೆಯಾಗಿ ಹಿಡಿಯಲಿಲ್ಲ ಎನ್ನೋಣ. ಆಗ ಯಾವ ಸೂತ್ರವೂ ಅದನ್ನು ಮರಳಿ ತರಲಾರದು. ಅಳೆಯದೆ ಬಿಟ್ಟದ್ದನ್ನು ಲೆಕ್ಕ ತುಂಬಿಕೊಡುವುದಿಲ್ಲ.

ಈಗ ಕೃತಕ ಬುದ್ಧಿಮತ್ತೆ ಬಳಸಿ ಚಿತ್ರ ಹಿಗ್ಗಿಸುವ ತಂತ್ರಾಂಶಗಳೂ ಬಂದಿವೆ. ಅವು ಬಹಳಷ್ಟು ಚಿತ್ರಗಳನ್ನು ನೋಡಿ ಕಲಿತು, ಖಾಲಿ ಜಾಗದಲ್ಲಿ ರೆಪ್ಪೆ, ಹುಬ್ಬು, ಸುಕ್ಕುಗಳನ್ನು ತಾವೇ ಬರೆಯುತ್ತವೆ. ಚಿತ್ರ ಥಳಥಳಿಸುತ್ತದೆ. ಆದರೆ ಅದೂ ಅಂದಾಜೇ. ತೀರಿಕೊಂಡ ಅಜ್ಜಿಯ ಒಂದೇ ಒಂದು ಚಿತ್ರ ಮದುವೆಯ ಗುಂಪು ಫೋಟೊದಲ್ಲಿದೆ, ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕು ಎಂದುಕೊಳ್ಳಿ. ತಂತ್ರಾಂಶ ಬರೆದುಕೊಟ್ಟ ಮುಖ ಅಜ್ಜಿಯಂತೆ ಕಾಣಬಹುದು. ಆದರೆ ಆ ಸುಕ್ಕುಗಳು ಅಜ್ಜಿಯವಲ್ಲ. ಆದ್ದರಿಂದ ಮೂಲ ಚಿತ್ರವನ್ನು ಎಂದೂ ಕಳೆದುಕೊಳ್ಳಬಾರದು.

ಪಿಕ್ಸೆಲ್ ಒಡೆಯದಿರಲು ಏನು ಮಾಡಬೇಕು?

ಮೊದಲು ಲೆಕ್ಕ ಮಾಡಿ. ಕೈಯಲ್ಲಿ ಹಿಡಿದು ನೋಡುವ ಫೋಟೊ ಚೆನ್ನಾಗಿ ಅಚ್ಚಾಗಲು ಒಂದು ಅಂಗುಲಕ್ಕೆ 300 ಪಿಕ್ಸೆಲ್ ಇದ್ದರೆ ಒಳ್ಳೆಯದು. 6 ಅಂಗುಲ ಉದ್ದ, 4 ಅಂಗುಲ ಅಗಲದ ಫೋಟೊಗೆ 1800 ಗುಣಿಸು 1200 ಪಿಕ್ಸೆಲ್ ಸಾಕು. ಇಡೀ ತರಗತಿಯ ಗುಂಪು ಫೋಟೊದಲ್ಲಿ ಒಬ್ಬರ ಮುಖ 200 ಪಿಕ್ಸೆಲ್ ಅಗಲ ಇದೆ ಎನ್ನೋಣ. ಅದನ್ನು ಮಾತ್ರ ಕತ್ತರಿಸಿ 8 ಅಂಗುಲ ಅಗಲಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ ಬರುವುದು ಬರೀ 25 ಪಿಕ್ಸೆಲ್. ಒಂದೊಂದು ಚೌಕವೂ ಒಂದು ಮಿಲಿಮೀಟರ್! ಕಣ್ಣಿಗೆ ಕಾಣದೆ ಇರುತ್ತದೆಯೆ? ಅದೇ ಮುಖವನ್ನು ಅಂಚೆಚೀಟಿಯಷ್ಟು ಚಿಕ್ಕದಾಗಿ ಅಚ್ಚು ಹಾಕಿದರೆ ಸೊಗಸಾಗಿರುತ್ತದೆ.

ಕತ್ತರಿಸುವಾಗ ಎಚ್ಚರವಿರಲಿ. ಚಿತ್ರದ ಉದ್ದದಲ್ಲಿ ಅರ್ಧ, ಅಗಲದಲ್ಲಿ ಅರ್ಧ ಮಾತ್ರ ಉಳಿಸಿಕೊಂಡರೆ ಪಿಕ್ಸೆಲ್‌ಗಳಲ್ಲಿ ನಾಲ್ಕನೆಯ ಒಂದು ಭಾಗ ಮಾತ್ರ ಉಳಿಯಿತು. 1 ಕೋಟಿ 20 ಲಕ್ಷ ಹೋಗಿ 30 ಲಕ್ಷ ಆಯಿತು. ಆದ್ದರಿಂದ ಆಮೇಲೆ ಕತ್ತರಿಸುವುದಕ್ಕಿಂತ ತೆಗೆಯುವಾಗಲೇ ಹತ್ತಿರ ಹೋಗಿ ತೆಗೆಯುವುದು ಲೇಸು. ಒಂದು ಹೆಜ್ಜೆ ಮುಂದಿಟ್ಟರೆ ನಿಮಗೆ ಸಿಗುವುದು ನಿಜವಾದ ಪಿಕ್ಸೆಲ್, ಅಂದಾಜಿನದಲ್ಲ.

ಮೊಬೈಲಿನ ಜೂಮ್ ಬಗ್ಗೆಯೂ ತಿಳಿದಿರಿ. ಮಸೂರದಿಂದ ಆಗುವ ಜೂಮ್ ದೂರದ ವಸ್ತುವಿನ ಹೊಸ ವಿವರ ತರುತ್ತದೆ. ಡಿಜಿಟಲ್ ಜೂಮ್ ಮಾಡುವುದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದನ್ನು.

ಮೂಲ ಚಿತ್ರವನ್ನು ಹಾಗೆಯೇ ಇಟ್ಟುಕೊಂಡು ಅದರ ಪ್ರತಿಯನ್ನು ಕತ್ತರಿಸಿ. ಜೆಪೆಗ್ ಚಿತ್ರವನ್ನು ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದರೆ ಪ್ರತಿ ಸಲವೂ ಸ್ವಲ್ಪ ವಿವರ ಕಳೆಯುತ್ತದೆ. ಸಂದೇಶ ಕಳುಹಿಸುವ ಆ್ಯಪ್‌ಗಳು ಸಾಮಾನ್ಯವಾಗಿ ಫೋಟೊವನ್ನು ಚಿಕ್ಕದು ಮಾಡಿ ಕಳುಹಿಸುತ್ತವೆ. ಅಚ್ಚು ಹಾಕಿಸಬೇಕಾದ ಫೋಟೊವನ್ನು ಕಡತವಾಗಿ ಅಥವಾ ಪೆನ್‌ಡ್ರೈವಿನಲ್ಲಿ ಕೊಡುವುದು ಒಳ್ಳೆಯದು.

ಹಳೆಯ ಕಾಗದದ ಫೋಟೊ ಇದ್ದರೆ ಅದರ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ಹಿಗ್ಗಿಸಬೇಡಿ. ಸ್ಕ್ಯಾನರಿನಲ್ಲಿ ಅಂಗುಲಕ್ಕೆ 600 ಬಿಂದುಗಳಂತೆ ಸ್ಕ್ಯಾನ್ ಮಾಡಿಸಿ. ಆಗ ಎರಡು ಪಟ್ಟು ಹಿಗ್ಗಿಸಿದರೂ ಅಂಗುಲಕ್ಕೆ 300 ಉಳಿಯುತ್ತವೆ.

ಹಿಗ್ಗಿಸಲೇಬೇಕಾಗಿ ಬಂದರೆ ಎರಡು ಪಟ್ಟಿನ ಒಳಗೇ ಇರಲಿ. ತಂತ್ರಾಂಶದಲ್ಲಿ ಬೈಕ್ಯೂಬಿಕ್ ಆಯ್ಕೆ ಇದ್ದರೆ ಅದನ್ನೇ ಆರಿಸಿ.

ಊರೂರು ದಾಟಿದ ಲೆಕ್ಕ

ಬ್ರಹ್ಮಗುಪ್ತನ ಪುಸ್ತಕಗಳು ಭಿಲ್ಲಮಾಲದಲ್ಲೇ ಉಳಿಯಲಿಲ್ಲ. 8ನೆಯ ಶತಮಾನದಲ್ಲಿ ಅವನ ಖಗೋಳ ಲೆಕ್ಕಗಳು ಬಾಗ್ದಾದ್ ನಗರ ತಲುಪಿ ಅರಬ್ಬಿ ಭಾಷೆಗೆ ಹೋದವು. 11ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಅಲ್‌ಬೆರೂನಿ ಅವನ ಗ್ರಂಥಗಳನ್ನು ಓದಿ ಅವುಗಳ ಬಗ್ಗೆ ಬರೆದ. ಲೀಲಾವತಿ ಬರೆದ ಭಾಸ್ಕರಾಚಾರ್ಯ 12ನೆಯ ಶತಮಾನದಲ್ಲಿ ಅವನನ್ನು ಗಣಿತಜ್ಞರ ಶಿರೋಮಣಿ ಎಂದು ಗೌರವಿಸಿದ. 1817ರಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ವಿದ್ವಾಂಸ ಅವನ ಗಣಿತದ ಅಧ್ಯಾಯಗಳನ್ನು ಇಂಗ್ಲಿಷಿಗೆ ಅನುವಾದಿಸಿ ಲಂಡನ್ನಿನಲ್ಲಿ ಪ್ರಕಟಿಸಿದ.

ಅವನ ಲೆಕ್ಕದಿಂದ ನಾವು ಕಲಿಯಬೇಕಾದ ಮಾತು ಎರಡು. ಗೊತ್ತಿರುವುದನ್ನು ಚೆನ್ನಾಗಿ ಗಮನಿಸಿದರೆ ಗೊತ್ತಿಲ್ಲದ್ದನ್ನು ಒಳ್ಳೆಯದಾಗಿ ಅಂದಾಜು ಮಾಡಬಹುದು. ಆದರೆ ಅಂದಾಜಿಗೂ ಮೊದಲು ಅಳತೆ ಇರಬೇಕು. ಆ 6 ಸಂಖ್ಯೆಗಳು ಇಲ್ಲದಿದ್ದರೆ ಅವನ ಸೂತ್ರಕ್ಕೆ ಕೆಲಸವೇ ಇರುತ್ತಿರಲಿಲ್ಲ.

ನೀವೇ ಮಾಡಿ ನೋಡಿ

ನೀವು ಬರೆದ ಕಾಲು ವೃತ್ತದಲ್ಲಿ 15 ಡಿಗ್ರಿಗೆ ಎತ್ತರ 39, 30 ಡಿಗ್ರಿಗೆ 75. ಇವುಗಳ ಸರಿ ಮಧ್ಯದಲ್ಲಿ, ಅಂದರೆ 22.5 ಡಿಗ್ರಿಗೆ ಎಷ್ಟು? ಹಿಂದಿನ ಹೆಜ್ಜೆಯಲ್ಲಿ ಎತ್ತರ ಸೊನ್ನೆಯಿಂದ 39ಕ್ಕೆ ಏರಿತ್ತು. ಮೊದಲು ಸರಳ ಉಪಾಯದಿಂದ, ಆಮೇಲೆ ಬ್ರಹ್ಮಗುಪ್ತನ ರೀತಿಯಲ್ಲಿ ಲೆಕ್ಕ ಮಾಡಿ. ಕೊನೆಗೆ ಅಳತೆಪಟ್ಟಿಯಿಂದ ಅಳೆದು ನೋಡಿ.

ಉತ್ತರ: ಸರಳ ಉಪಾಯದಿಂದ 57, ಬ್ರಹ್ಮಗುಪ್ತನ ರೀತಿಯಲ್ಲಿ 57.375. ನಿಖರ ಬೆಲೆ 57.40.